ಅಕ್ಕನ ಟೂಲ್‌ಬಾರ್

ದೇವನಹಳ್ಳಿ ತಾಲ್ಲೂಕಿನ ನಮ್ಮ ನಲ್ಲೂರನ್ನು ಹೊರಗಿನವರು ಗುರುತಿಸುವುದು ಹುಣಸೆ ತೋಪಿನಿಂದ. ಸುಮಾರು 54 ಎಕರೆಯ ಆ ತೋಪನ್ನು 2007ರಲ್ಲಿ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ದೇಶದಲ್ಲೇ ಅಂಥ ಮೊದಲ ತಾಣ ಅದು. ನಾನು ಊರಿನ ಹೆಸರನ್ನು ಅತಿ ಹೆಚ್ಚು ಸಲ ಬರೆದಿರುವುದು ಮಾತ್ರ ಬೇರೆ ಕಾರಣಕ್ಕೆ. ವೆಬ್ ಪುಟ ಕಟ್ಟುವ ಯಾವ ಹೊಸ ಎಡಿಟರ್ ಕೈಗೆ ಬಂದರೂ ಮೊದಲು ‘ನಲ್ಲೂರು’ ಎಂದು ಟೈಪ್ ಮಾಡಿ ನೋಡುತ್ತೇನೆ. ಓದುವವರಿಗೆ ಅದು ಮೂರಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ: ನ, ಲ, ವಿರಾಮ, ಮತ್ತೊಂದು ಲ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಎಡಿಟರ್ ಇದನ್ನು ಸರಿಯಾಗಿ ತೋರಿಸುತ್ತದೆಯೇ, ಬ್ಯಾಕ್‌ಸ್ಪೇಸ್ ಒತ್ತಿದರೆ ಏನನ್ನು ಅಳಿಸುತ್ತದೆ, ಬಾಣದ ಕೀಲಿ ಒತ್ತಿದರೆ ಕರ್ಸರ್ ಎಲ್ಲಿ ಹೋಗಿ ನಿಲ್ಲುತ್ತದೆ, ಇಷ್ಟು ನೋಡಿದರೆ ಅದು ಕನ್ನಡದ ಕೆಲಸಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದು ಅರ್ಧ ಗೊತ್ತಾಗುತ್ತದೆ. ಉಳಿದರ್ಧ ಗೊತ್ತಾಗುವುದು ಅದರ ಟೂಲ್‌ಬಾರ್ ನೋಡಿದಾಗ.

ನಾನು ಈ ಕೆಲಸಕ್ಕೆ ಬಂದದ್ದು ನಮ್ಮ ಕಡೆ ವಿಮಾನ ನಿಲ್ದಾಣ ಶುರುವಾದ ಹೊಸತರಲ್ಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನಗಳು ಇಳಿಯತೊಡಗಿದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಜಮೀನಿನ ಲೆಕ್ಕ, ಓದಿನ ಲೆಕ್ಕ ಎರಡೂ ಬದಲಾದವು. ದ್ರಾಕ್ಷಿ ತೋಟ, ಚಕ್ಕೋತ, ರೇಷ್ಮೆ ಎಂದು ಬದುಕಿದ್ದ ಮನೆಗಳ ಹುಡುಗರು ಬಸ್ಸು ಹತ್ತಿ ಬೆಂಗಳೂರಿಗೆ ಕಂಪ್ಯೂಟರ್ ಕಲಿಯಲು ಹೋಗತೊಡಗಿದರು. ಅವರಲ್ಲಿ ನಾನೂ ಒಬ್ಬ. ಹಗಲು ಕಚೇರಿಯಲ್ಲಿ ಇಂಗ್ಲಿಷ್ ಪುಟಗಳ ಕೆಲಸ, ರಾತ್ರಿ ಮನೆಯಲ್ಲಿ ಕನ್ನಡ ವಿಕಿಪೀಡಿಯ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಆಗ ಬರೆಯುವವರು ಕಡಿಮೆ, ಬರೆಯಬೇಕಾದದ್ದು ಬೆಟ್ಟದಷ್ಟು.

ಎಡಿಟರ್ ಎಂಬುದು ಒಳಗೆ ಹೇಗಿರುತ್ತದೆ ಎಂದು ನಾನು ಕಲಿತದ್ದು ಅಲ್ಲಿಯೇ. ವಿಕಿಪೀಡಿಯದಲ್ಲಿ ಪ್ರತಿ ಬಳಕೆದಾರರಿಗೂ ತಮ್ಮದೇ ಒಂದು ಜಾವಾಸ್ಕ್ರಿಪ್ಟ್ ಪುಟವಿರುತ್ತದೆ. ಸಂಪಾದನೆಯ ಪೆಟ್ಟಿಗೆಯ ಮೇಲಿರುವ ಟೂಲ್‌ಬಾರ್‌ಗೆ ನಮಗೆ ಬೇಕಾದ ಬಟನ್ ಸೇರಿಸಿಕೊಳ್ಳಲು ಆ ಪುಟದಲ್ಲಿ ನಾಲ್ಕು ಸಾಲು ಬರೆದರೆ ಸಾಕು: ಬಟನ್ ಯಾವ ಗುಂಪಿನಲ್ಲಿ ಕೂರಬೇಕು, ಅದರ ಹೆಸರೇನು, ಚಿತ್ರ ಯಾವುದು, ಒತ್ತಿದಾಗ ಆಯ್ದ ಪಠ್ಯದ ಹಿಂದೆ ಮುಂದೆ ಏನು ಬಂದು ಸೇರಬೇಕು. ಆಧಾರ ಸೂಚಿಸುವ ಟ್ಯಾಗನ್ನು ಪ್ರತಿ ಸಲ ಕೈಯಿಂದ ಬರೆಯುವುದು ತಪ್ಪಲಿ ಎಂದು ನಾನು ಒಂದು ಬಟನ್ ಮಾಡಿಕೊಂಡೆ. ಅದು ನನ್ನ ಪರದೆಯಲ್ಲಿ ಮಾತ್ರ ಕಾಣುತ್ತಿತ್ತು. ಯಾರ ಅನುಮತಿಯನ್ನೂ ಕೇಳಬೇಕಿರಲಿಲ್ಲ, ಯಾರ ಕೆಲಸಕ್ಕೂ ಅಡ್ಡಿಯಾಗುತ್ತಿರಲಿಲ್ಲ. ಎಲ್ಲೋ ಯಾರೋ ಮಾಡಿದ ಉಪಕರಣವನ್ನು ನಲ್ಲೂರಿನಲ್ಲಿ ಕೂತು ನನ್ನ ಕೆಲಸಕ್ಕೆ ಹೊಂದಿಸಿಕೊಳ್ಳಬಹುದು ಎಂಬುದು ಆ ರಾತ್ರಿ ಕೊಟ್ಟ ಧೈರ್ಯ ಇವತ್ತಿಗೂ ನನ್ನ ಕೆಲಸದ ಬಂಡವಾಳ.

ಬ್ರೌಸರ್ ಒಳಗೇ ಬರೆದು ಅಲಂಕರಿಸುವ ಸೌಲಭ್ಯ ತೀರಾ ಹಳೆಯದಲ್ಲ. 2000ದಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5.5ರಲ್ಲಿ ಪುಟದ ಯಾವುದೇ ಭಾಗವನ್ನು ತಿದ್ದಬಹುದಾದ ಜಾಗವಾಗಿ ಮಾಡುವ ಗುಣ ಸೇರಿತು. ಅದರ ಮೇಲೆ 2003ರಲ್ಲಿ ಎಫ್‌ಸಿಕೆ ಎಡಿಟರ್, 2004ರಲ್ಲಿ ಟೈನಿಎಂಸಿಇ ಹುಟ್ಟಿದವು. ಎಫ್‌ಸಿಕೆ ಮುಂದೆ ಸಿಕೆಎಡಿಟರ್ ಆಯಿತು. ಅವು ಜನರಿಗೆ ಪರಿಚಯವಿದ್ದ ವರ್ಡ್‌ನ ಟೂಲ್‌ಬಾರನ್ನೇ ಮಾದರಿಯಾಗಿ ತೆಗೆದುಕೊಂಡವು: ದಪ್ಪ, ಓರೆ, ಅಡಿಗೆರೆ, ಫಾಂಟ್, ಗಾತ್ರ, ಬಣ್ಣ. ಇಂಗ್ಲಿಷ್ ಕಚೇರಿಯ ಪತ್ರ ವ್ಯವಹಾರಕ್ಕೆಂದು ರೂಪುಗೊಂಡ ಆ ಸಾಲು ಹೀಗೆ ಲೋಕದ ಎಲ್ಲ ಭಾಷೆಗಳ ವೆಬ್‌ಸೈಟುಗಳ ಹಿಂಬದಿಗೂ ಹೋಗಿ ಕೂತಿತು.

ಕನ್ನಡಕ್ಕೆ ಆ ಸಾಲಿನಲ್ಲಿ ಎಷ್ಟು ಬಳಕೆಯಿದೆ ಎಂದು ಪ್ರಯೋಗ ಮಾಡಿದರೆ ತಿಳಿಯುತ್ತದೆ. ಅಡಿಗೆರೆ ಹಾಕಿದರೆ ಅದು ನೇರವಾಗಿ ಒತ್ತಕ್ಷರಗಳ ನೆತ್ತಿಯ ಮೇಲೆ ಹಾಯುತ್ತದೆ. ಇತ್ತೀಚಿನ ಬ್ರೌಸರುಗಳಲ್ಲಿ ಒತ್ತು ಬಂದಲ್ಲೆಲ್ಲ ಗೆರೆ ತುಂಡಾಗುತ್ತದೆ. ಓರೆ ಅಕ್ಷರದ ಬಟನ್ ಒತ್ತಿದರೆ, ಬಹುತೇಕ ಕನ್ನಡ ಫಾಂಟುಗಳಲ್ಲಿ ಓರೆಯ ರೂಪವೇ ಇಲ್ಲದ್ದರಿಂದ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಬಲಕ್ಕೆ ವಾಲಿಸಿ ತೋರಿಸುತ್ತದೆ. ದುಂಡು ಅಕ್ಷರದ ಮೇಲೆ ತಲೆಕಟ್ಟು ಒಂದು ಕಡೆ, ಕೆಳಗಿನ ಒತ್ತು ಇನ್ನೊಂದು ಕಡೆ ಜಾರಿದಂತೆ ಕಾಣುತ್ತದೆ. ದೊಡ್ಡಕ್ಷರ-ಸಣ್ಣಕ್ಷರ ಬದಲಿಸುವ ಬಟನ್‌ಗೆ ಕನ್ನಡದಲ್ಲಿ ಕೆಲಸವೇ ಇಲ್ಲ. ಕನ್ನಡದವರಿಗೆ ದಿನಕ್ಕೆ ಹತ್ತು ಸಲ ಬೇಕಾಗುವ ಸಂಗತಿಗಳಿಗೆ ಆ ಸಾಲಿನಲ್ಲಿ ಜಾಗವೇ ಇರುವುದಿಲ್ಲ.

ಆ ಸಂಗತಿಗಳು ಯಾವುವು ಎಂದು ನನಗೆ ಕಲಿಸಿದವರು ದೇವನಹಳ್ಳಿಯ ಒಂದು ವಾರಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದ ಅಕ್ಕ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಜೋಡಿಸಿ ಮುದ್ರಣಕ್ಕೆ ಕಳಿಸುವುದು ಅವರ ಕೆಲಸ. ಕೀಲಿಮಣೆಯನ್ನು ನೋಡುತ್ತಲೇ ಇರಲಿಲ್ಲ. ಕೆ.ಪಿ. ರಾಯರು ರೂಪಿಸಿದ ವಿನ್ಯಾಸ ಅವರ ಬೆರಳುಗಳಿಗೆ ಇಳಿದುಬಿಟ್ಟಿತ್ತು. ಪತ್ರಿಕೆಗೆ ವೆಬ್‌ಸೈಟ್ ಆಗಬೇಕು, ಸುದ್ದಿಯನ್ನು ಅಕ್ಕನೇ ಏರಿಸಬೇಕು ಎಂದು ಮಾಲೀಕರು ನನಗೆ ಆ ಕೆಲಸ ವಹಿಸಿದರು. ಸಿಕೆಎಡಿಟರ್ 4 ಜೋಡಿಸಿದ ಪುಟವನ್ನು ಅಕ್ಕನ ಮುಂದೆ ತೆರೆದೆ. ಮೂರು ಸಾಲು ಬಟನ್‌ಗಳ ಮೇಲೆ ಕಣ್ಣಾಡಿಸಿ ಅವರು ಕೇಳಿದರು:

‘ಏನಪ್ಪ, ಇಷ್ಟೊಂದು ಇಟ್ಟವ್ರಲ್ಲ, ಇದ್ರಾಗೆ ನಂಗೆ ಬೇಕಾಗಿರೋದು ಎಲ್ಲೈತೆ?’

‘ನಿಮಗೆ ಏನು ಬೇಕೋ ಹೇಳಿ ಅಕ್ಕ, ಅದನ್ನೇ ಇಡೋಣ’ ಎಂದೆ.

‘ಹೇಳೋಕೆ ಬರಲ್ಲ ಕಣಪ್ಪ. ಕೂತ್ಕೊಂಡು ನೋಡು, ಗೊತ್ತಾಯ್ತದೆ.’

ಹಾಗೆಯೇ ಮಾಡಿದೆ. ಪತ್ರಿಕೆ ಮುದ್ರಣಕ್ಕೆ ಹೋಗುವ ಮುನ್ನಾದಿನಗಳಲ್ಲಿ ಅಕ್ಕನ ಕುರ್ಚಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ಅಕ್ಕ ಬಣ್ಣ ಮುಟ್ಟುತ್ತಿರಲಿಲ್ಲ. ಫಾಂಟಿನ ಗಾತ್ರವನ್ನು ಒಂದೊಂದು ಪದಕ್ಕೂ ಬದಲಿಸುತ್ತಿರಲಿಲ್ಲ. ತಲೆಬರಹ, ಉಪಶೀರ್ಷಿಕೆ, ಊರಿನ ಹೆಸರು ದಪ್ಪಕ್ಷರದಲ್ಲಿ ಬಂದು ಮುಂದೆ ಸುದ್ದಿ, ಚಿತ್ರ, ಚಿತ್ರದ ಕೆಳಗೆ ಒಂದು ಸಾಲು. ಅಲ್ಲಲ್ಲಿ ಚೌಕಟ್ಟು. ಇಷ್ಟರಲ್ಲೇ ಒಂದು ಪತ್ರಿಕೆ ತುಂಬುತ್ತಿತ್ತು. ಬೇರೆಯವರು ಬರೆದು ಕಳಿಸಿದ್ದನ್ನು ಕಾಪಿ ಮಾಡಿ ತಂದು ಅಂಟಿಸುವುದು ಟೈಪ್ ಮಾಡುವುದಕ್ಕಿಂತ ಹೆಚ್ಚಿನ ಕೆಲಸವಾಗಿತ್ತು.

ಸಿಕೆಎಡಿಟರ್‌ನಲ್ಲಿ ಟೂಲ್‌ಬಾರನ್ನು ಬದಲಿಸುವ ಕ್ರಮ ಚೊಕ್ಕವಾಗಿದೆ. ಸಂರಚನೆಯ ಕಡತದಲ್ಲಿ ಗುಂಪುಗಳ ಪಟ್ಟಿ ಒಂದು, ಬೇಡದ ಬಟನ್‌ಗಳ ಪಟ್ಟಿ ಇನ್ನೊಂದು. ನಾನು ಬೇಡದ ಪಟ್ಟಿಯನ್ನು ಉದ್ದ ಮಾಡುತ್ತ ಹೋದೆ. ಅಡಿಗೆರೆ, ಓರೆ, ಫಾಂಟ್, ಗಾತ್ರ, ಬಣ್ಣ, ನಗುಮೊಗ ಎಲ್ಲವೂ ಹೋದವು. ಮೂರು ಸಾಲಿದ್ದದ್ದು ಒಂದು ಸಾಲಿನ ಅರ್ಧಕ್ಕೆ ಬಂತು. ಕೆಲವರಿಗೆ ಇದು ಸೌಲಭ್ಯ ಕಿತ್ತುಕೊಂಡಂತೆ ತೋರಬಹುದು. ಆದರೆ ಫಾಂಟಿನ ಬಟನ್ ಇಲ್ಲದ್ದರಿಂದಲೇ ಪತ್ರಿಕೆಯ ಎಲ್ಲ ಪುಟಗಳೂ ಒಂದೇ ಮನೆಯವರಂತೆ ಕಂಡವು, ಅಕ್ಕನ ಕಣ್ಣು ಹುಡುಕುವ ಕೆಲಸ ಬಿಟ್ಟು ಸುದ್ದಿಯ ಮೇಲೆ ನಿಂತಿತು.

ಆಮೇಲೆ ಸೇರಿಸುವ ಸರದಿ. ಆ ಎಡಿಟರ್‌ನಲ್ಲಿ ಬಟನ್ ಬೇರೆ, ಅದು ಮಾಡಿಸುವ ಆಜ್ಞೆ ಬೇರೆ. ಆಜ್ಞೆಯನ್ನು ಮೊದಲು ಹೆಸರು ಕೊಟ್ಟು ನೋಂದಾಯಿಸಬೇಕು, ನಂತರ ಬಟನ್‌ಗೆ ಆ ಹೆಸರನ್ನು ತಿಳಿಸಬೇಕು. ಹೀಗೆ ಬೇರ್ಪಡಿಸಿರುವುದರಿಂದ ಒಂದೇ ಆಜ್ಞೆಯನ್ನು ಬಟನ್‌ಗೂ ಕಟ್ಟಬಹುದು, ಕೀಲಿಗಳ ಜೋಡಿಗೂ ಕಟ್ಟಬಹುದು. ಮೌಸ್ ಹಿಡಿಯಲು ಕೈ ಎತ್ತುವುದೇ ತಡ ಎನ್ನುವ ಅಕ್ಕನಂಥವರಿಗೆ ಇದು ದೊಡ್ಡ ಅನುಕೂಲ. ನಮ್ಮ ಪಟ್ಟಿಯಲ್ಲಿ ಮೊದಲು ಬಂದದ್ದು ‘ಒತ್ತು ತಡೆ’ ಎಂಬ ಬಟನ್. ‘ಸಾಫ್ಟ್‌ವೇರ್’ ಎಂದು ಬರೆಯಹೊರಟರೆ ಯೂನಿಕೋಡ್‌ನ ನಿಯಮದಂತೆ ವಿರಾಮದ ನಂತರ ಬಂದ ‘ವ’ ಒತ್ತಾಗಿ ಕೆಳಗಿಳಿದು ‘ಸಾಫ್ಟ್ವೇರ್’ ಆಗಿಬಿಡುತ್ತದೆ. ‘ಬ್ಯಾಂಕ್‌ನಲ್ಲಿ’ ಎಂಬುದು ‘ಬ್ಯಾಂಕ್ನಲ್ಲಿ’ ಆಗುತ್ತದೆ. ಇದನ್ನು ತಡೆಯಲು ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಡುವೆ ಇಡಬೇಕು. ತಾಲ್ಲೂಕಿನ ಸುದ್ದಿಯಲ್ಲಿ ಬ್ಯಾಂಕ್, ಟ್ರ್ಯಾಕ್ಟರ್, ಏರ್‌ಪೋರ್ಟ್, ಲೇಔಟ್ ಇಲ್ಲದ ದಿನವಿಲ್ಲ. ಅವುಗಳಿಗೆ ವಿಭಕ್ತಿ ಹತ್ತಿದ ಕೂಡಲೇ ಈ ತೊಡಕು ಎದುರಾಗುತ್ತದೆ. ಲೋಕದ ಯಾವ ಎಡಿಟರ್‌ನ ಸಿದ್ಧ ಟೂಲ್‌ಬಾರ್‌ನಲ್ಲೂ ನಾನು ನೋಡದ ಆ ಬಟನ್ ಅಕ್ಕನ ಪರದೆಯಲ್ಲಿ ಅತಿ ಹೆಚ್ಚು ಒತ್ತಿಸಿಕೊಂಡಿತು.

ಬಟನ್ ಎಂದರೆ ಬಳಸುವವರು ತಾವಾಗಿ ಬಂದು ಕೇಳುವುದು. ಇವೆಂಟ್ ಹ್ಯಾಂಡ್ಲರ್ ಎಂದರೆ ಅವರು ಕೇಳುವ ಮೊದಲೇ ನಡೆದದ್ದನ್ನು ಗಮನಿಸಿ ಒದಗುವುದು. ಕೀಲಿ ಒತ್ತಿದ್ದು, ಆಯ್ಕೆ ಬದಲಾದದ್ದು, ಏನನ್ನೋ ಅಂಟಿಸಿದ್ದು, ಎಡಿಟರ್‌ನಿಂದ ಹೊರಗೆ ಹೋದದ್ದು, ಪ್ರತಿಯೊಂದೂ ಒಂದು ಇವೆಂಟ್. ‘ಇಂಥದ್ದು ನಡೆದಾಗ ನನ್ನ ಈ ಫಂಕ್ಷನ್ ಓಡಿಸು’ ಎಂದು ಮೊದಲೇ ತಿಳಿಸಿಟ್ಟರೆ ಎಡಿಟರ್ ಆ ಹೊತ್ತಿಗೆ ಅದನ್ನು ಕರೆಯುತ್ತದೆ. ಬ್ರೌಸರುಗಳಿಗೆಲ್ಲ ಇದರ ಸಾಮಾನ್ಯ ಕ್ರಮವನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ 2000ದಲ್ಲಿ ಶಿಫಾರಸು ಮಾಡಿತ್ತು. ಎಡಿಟರುಗಳು ಅದರ ಮೇಲೆ ತಮ್ಮವೇ ಇವೆಂಟ್‌ಗಳನ್ನು ಕಟ್ಟಿಕೊಂಡಿವೆ. ಕನ್ನಡದ ನಿಜವಾದ ಕೆಲಸ ನಡೆಯುವುದು ಇಲ್ಲಿ.

ಅಕ್ಕನಿಗೆ ಬರುತ್ತಿದ್ದ ಬರಹಗಳಲ್ಲಿ ಬಹುಪಾಲು ನುಡಿಯ ಹಳೆಯ ಫಾಂಟುಗಳಲ್ಲಿರುತ್ತಿದ್ದವು. ಕನ್ನಡ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಸೇರಿತ್ತು. ಆದರೆ ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಬಹುಕಾಲ ನಡೆದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಪೇಜ್‌ಮೇಕರ್‌ಗೆ ಅವು ಬೇಕಿದ್ದವು. ಅಂಥ ಕಡತದಲ್ಲಿ ‘ನಲ್ಲೂರು’ ಎಂದು ಬರೆದು ಫಾಂಟನ್ನು ತೆಗೆದುಬಿಟ್ಟರೆ ಉಳಿಯುವುದೇನು ಗೊತ್ತೇ? ಮೊದಲಿಗೆ ಬ್ರಿಟಿಷ್ ಪೌಂಡಿನ ಚಿಹ್ನೆ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟಿರುವ ‘ಎ’, ಇವೆರಡೂ ಸೇರಿ ‘ನ’. ಆಮೇಲೆ ಸುತ್ತು ಹಾಕಿದ ‘ಆರ್’, ಅಂದರೆ ನೋಂದಾಯಿತ ಸರಕಿನ ಗುರುತು, ಅದು ‘ಲ’. ನಂತರ ‘ಎ’ ಮತ್ತು ‘ಇ’ ಕೂಡಿಕೊಂಡ ಒಂದು ಅಕ್ಷರ, ಅದು ಊಕಾರ. ಅದಾದ ಮೇಲೆ ಗೀಟಿರುವ ‘ಇ’, ಅದು ಲಕಾರದ ಒತ್ತು. ಕೊನೆಗೆ ‘ಜಿ’ಯಿಂದ ಶುರುವಾಗುವ ಮೂರು ಗುರುತು ಸೇರಿ ‘ರು’.

ಇವನ್ನು ಒಂದಕ್ಕೊಂದು ಬದಲಿಸಿದರೆ ಸಾಲದು, ಕ್ರಮವನ್ನೂ ಬದಲಿಸಬೇಕು. ಹಳೆಯ ಫಾಂಟಿನಲ್ಲಿ ಅಕ್ಷರಗಳು ಬೆರಳಚ್ಚು ಯಂತ್ರದ ಹಾದಿಯಲ್ಲಿ, ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ಮೊದಲು ‘ಲೂ’, ಆಮೇಲೆ ಕೆಳಗಿನ ಒತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಲ, ವಿರಾಮ, ಲ, ಆಮೇಲೆ ಊಕಾರ. ಅರ್ಕಾವತ್ತಿನದು ಇನ್ನೂ ಮುಂದಿನ ಹೆಜ್ಜೆ. ‘ಕರ್ನಾಟಕ’ ಎಂಬಲ್ಲಿ ಹಳೆಯ ಫಾಂಟ್ ‘ನಾ’ ಬರೆದ ಮೇಲೆ ಅರ್ಕಾವತ್ತನ್ನು ಇಡುತ್ತದೆ. ಯೂನಿಕೋಡ್‌ನಲ್ಲಿ ‘ರ’ ಮತ್ತು ವಿರಾಮ ‘ನಾ’ಕ್ಕಿಂತ ಮೊದಲು ಬರಬೇಕು. ಆದ್ದರಿಂದ ಪರಿವರ್ತಿಸುವ ಫಂಕ್ಷನ್ ಅರ್ಕಾವತ್ತನ್ನು ಕಂಡ ಕೂಡಲೇ ಹಿಂದಕ್ಕೆ ನಡೆದು, ಆ ಅಕ್ಷರಗುಚ್ಛ ಎಲ್ಲಿ ಶುರುವಾಯಿತು ಎಂದು ಹುಡುಕಿ, ಅದರ ಮುಂದೆ ‘ರ್’ ಅನ್ನು ತಂದು ನಿಲ್ಲಿಸಬೇಕು.

ಇದನ್ನೆಲ್ಲ ಪೇಸ್ಟ್ ಎಂಬ ಇವೆಂಟಿಗೆ ಕಟ್ಟಿದೆ. ಅಲ್ಲಿ ನನಗೆ ಈ ಕಸುಬಿನ ಸೂಕ್ಷ್ಮವೊಂದು ಸಿಕ್ಕಿತು. ಅಂಟಿಸಿದ ಪಠ್ಯ ನೇರವಾಗಿ ಪುಟಕ್ಕೆ ಬೀಳುವುದಿಲ್ಲ. ಒಂದೊಂದೇ ಹ್ಯಾಂಡ್ಲರ್ ಅದನ್ನು ಕೈಗೆ ತೆಗೆದುಕೊಂಡು ತನ್ನ ಪಾಲಿನ ಕೆಲಸ ಮಾಡಿ ಮುಂದಕ್ಕೆ ದಾಟಿಸುತ್ತದೆ. ಯಾರು ಮೊದಲು ಎಂಬುದನ್ನು ಒಂದು ಸಂಖ್ಯೆ ತೀರ್ಮಾನಿಸುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಸರದಿ ಮುಂಚೆ. ಏನೂ ಹೇಳದಿದ್ದರೆ ಅದು 10. ವರ್ಡ್‌ನಿಂದ ಬಂದ ಪಠ್ಯದ ಬೇಡದ ಅಲಂಕಾರಗಳನ್ನು ತೊಳೆಯುವ ಹ್ಯಾಂಡ್ಲರ್ ಎಡಿಟರ್‌ನಲ್ಲೇ ಇದೆ. ಅದು ಫಾಂಟಿನ ಹೆಸರನ್ನೂ ತೊಳೆದುಬಿಟ್ಟರೆ, ಯಾವ ತುಂಡು ನುಡಿಯದು, ಯಾವ ತುಂಡು ನಿಜವಾಗಿ ಇಂಗ್ಲಿಷ್ ಎಂದು ಹೇಳುವ ಗುರುತೇ ಹೋಗುತ್ತದೆ. ನುಡಿಯ ಫಾಂಟುಗಳ ಹೆಸರಿನ ಕೊನೆಯಲ್ಲಿ ‘ಇ’ ಇದ್ದರೆ ಅಂಕಿಗಳು ಇಂಗ್ಲಿಷ್, ‘ಕೆ’ ಇದ್ದರೆ ಕನ್ನಡ ಅಂಕಿ. ಆ ತಿಳಿವೂ ಹೆಸರಿನ ಜೊತೆಗೇ ಹೋಗುತ್ತದೆ. ಆದ್ದರಿಂದ ನಮ್ಮ ಹ್ಯಾಂಡ್ಲರ್ ತೊಳೆಯುವವನಿಗಿಂತ ಮುಂಚೆ ನಿಲ್ಲಬೇಕು. ಅದಕ್ಕೆ ಚಿಕ್ಕ ಸಂಖ್ಯೆ ಕೊಟ್ಟೆ. ಫಾಂಟಿನ ಹೆಸರು ನೋಡಿ ನುಡಿಯ ತುಂಡುಗಳನ್ನು ಮಾತ್ರ ಯೂನಿಕೋಡ್‌ಗೆ ತಿರುಗಿಸಿ, ಇಂಗ್ಲಿಷನ್ನು ಇಂಗ್ಲಿಷಾಗಿಯೇ ಬಿಟ್ಟು, ಆಮೇಲೆ ಸರದಿಯನ್ನು ಮುಂದಕ್ಕೆ ಕಳಿಸಿತು.

ಅಕ್ಕ ಒಂದು ಸುದ್ದಿಯನ್ನು ಕಾಪಿ ಮಾಡಿ ಪೆಟ್ಟಿಗೆಯೊಳಗೆ ಅಂಟಿಸಿದರು. ಅಚ್ಚುಕಟ್ಟಾದ ಕನ್ನಡ ಬಂದು ಕೂತಿತು. ಅವರು ಬೇರೆ ಯಾವ ಬಟನ್ ಒತ್ತಬೇಕು ಎಂದು ನನ್ನ ಮುಖ ನೋಡಿದರು. ‘ಅಷ್ಟೇ ಅಕ್ಕ, ಆಯ್ತು’ ಎಂದೆ. ‘ಆಯ್ತಾ?’ ಎಂದು ಮತ್ತೊಂದು ಸುದ್ದಿ ಅಂಟಿಸಿ ನೋಡಿದರು. ಆಮೇಲೆ ಆ ವಾರದ ಬಾಕಿ ಸುದ್ದಿಗಳನ್ನೆಲ್ಲ ಒಂದಾದ ಮೇಲೊಂದು ಏರಿಸಿಬಿಟ್ಟರು.

ಇನ್ನೂ ಎರಡು ಹ್ಯಾಂಡ್ಲರುಗಳು ಆ ಕೋಣೆಯ ಅನುಭವದಿಂದಲೇ ಹುಟ್ಟಿದವು. ಒಂದು ಕರೆಂಟಿನದು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋದರೆ ಬರೆದದ್ದು ಹೋಗುತ್ತಿತ್ತು. ಪಠ್ಯ ಬದಲಾದಾಗಲೆಲ್ಲ ಏಳುವ ಇವೆಂಟಿಗೆ ಕಿವಿಗೊಟ್ಟು, ಟೈಪಿಂಗ್ ಒಂದೆರಡು ಸೆಕೆಂಡ್ ನಿಂತ ಕೂಡಲೇ ಬ್ರೌಸರಿನ ಸ್ವಂತ ಉಗ್ರಾಣದಲ್ಲಿ ಪ್ರತಿ ಉಳಿಸುವ ವ್ಯವಸ್ಥೆ ಮಾಡಿದೆ. ನಿಲ್ಲುವವರೆಗೆ ಕಾಯುವುದು ಮುಖ್ಯ. ಪ್ರತಿ ಕೀಲಿಗೂ ಉಳಿಸಹೊರಟರೆ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಇನ್ನೊಂದು ತಲೆಬರಹದ ಅಳತೆ. ಪುಟದ ಅಗಲದಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಅಕ್ಕನಿಗೆ ಲೆಕ್ಕ ಬೇಕು. ಜಾವಾಸ್ಕ್ರಿಪ್ಟ್ ಉದ್ದ ಕೇಳಿದರೆ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಆರು ಎನ್ನುತ್ತದೆ. ವಿರಾಮದ ನಂತರ ಬರುವ ವ್ಯಂಜನ ಹಿಂದಿನದಕ್ಕೇ ಸೇರುತ್ತದೆ, ಸ್ವರಚಿಹ್ನೆ ಎಣಿಕೆಗೆ ಬರುವುದಿಲ್ಲ ಎಂಬ ನಿಯಮ ಬರೆದು, ತಲೆಬರಹದ ಪಕ್ಕದಲ್ಲಿ ಎಣಿಕೆ ಓಡುವಂತೆ ಮಾಡಿದೆ. ಕಾಗುಣಿತ ಕಲಿಯುವ ಮಕ್ಕಳು ಅಕ್ಷರ ಎಣಿಸುವ ರೀತಿಯಲ್ಲೇ ಕಂಪ್ಯೂಟರೂ ಎಣಿಸತೊಡಗಿತು. ‘ನಲ್ಲೂರು’ ಎಂದರೆ ಮೂರು ಎಂದಿತು.

ಕೆಲವು ವರ್ಷಗಳ ನಂತರ ಹುಣಸೆ ತೋಪಿನ ಬಗ್ಗೆ ಊರಿನವರೇ ಪುಟಗಳನ್ನು ಕಟ್ಟಬೇಕು ಎಂಬ ಆಸೆ ನಮ್ಮ ಕಡೆಯ ಹುಡುಗರಲ್ಲಿ ಹುಟ್ಟಿತು. ತೋಪಿನಲ್ಲಿ ಮುನ್ನೂರರ ಆಸುಪಾಸು ಮರಗಳಿವೆ. ನಡುವೆ ಪಾಳುಬಿದ್ದ ಚೆನ್ನಕೇಶವ ದೇವಾಲಯವಿದೆ. ಮರಗಳು ಚೋಳರ ಕಾಲದವು ಎಂದು ಹಿರಿಯರು ಹೇಳುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಮಿತಿ ರಚಿಸಿ ಜನರ ತಿಳಿವಳಿಕೆಯನ್ನು ದಾಖಲಿಸಬೇಕು. ಕಾಗದದ ದಾಖಲೆ ಕಚೇರಿಯಲ್ಲಿರುತ್ತದೆ. ನಮ್ಮ ಹುಡುಗರಿಗೆ ಬೇಕಾದದ್ದು ಎಲ್ಲರೂ ನೋಡಬಲ್ಲ, ತಾವೇ ಬೆಳೆಸಬಲ್ಲ ಪುಟಗಳು.

ಅದಕ್ಕೆ ಆರಿಸಿಕೊಂಡದ್ದು ಗ್ರೇಪ್ಸ್‌ಜೆಎಸ್ ಎಂಬ ಮುಕ್ತ ವಿನ್ಯಾಸ ಎಡಿಟರ್. ಅದರಲ್ಲಿ ಬರೆಯುವುದಕ್ಕಿಂತ ಹೆಚ್ಚಾಗಿ ಕಟ್ಟುತ್ತೇವೆ: ಪಕ್ಕದಿಂದ ಒಂದು ಬ್ಲಾಕನ್ನು ಎಳೆದು ಪುಟದ ಮೇಲೆ ಬಿಡುವುದು, ಆಯ್ದಾಗ ಅದರ ನೆತ್ತಿಯ ಮೇಲೆ ಒಂದು ಪುಟ್ಟ ಟೂಲ್‌ಬಾರ್ ಏಳುವುದು. ಸಿದ್ಧ ರೂಪದಲ್ಲಿ ಅದರಲ್ಲಿರುವುದು ಹೊರಗಿನ ಭಾಗವನ್ನು ಆರಿಸು, ಸರಿಸು, ನಕಲು ಮಾಡು, ಅಳಿಸು ಎಂಬ ನಾಲ್ಕು. ಒಂದೊಂದು ಘಟಕದ ಜೊತೆಗೂ ಈ ಪಟ್ಟಿ ಒಂದು ಗುಣವಾಗಿ ಸೇರಿಕೊಂಡಿರುತ್ತದೆ. ಹಾಗಾಗಿ ಒಂದೊಂದು ಬಗೆಯ ಘಟಕಕ್ಕೆ ಒಂದೊಂದು ಟೂಲ್‌ಬಾರ್ ಕೊಡಬಹುದು.

‘ಮರ’ ಎಂಬ ಬ್ಲಾಕ್ ಮಾಡಿದೆವು. ಚಿತ್ರ, ಕಾಂಡದ ಸುತ್ತಳತೆ, ಆ ಮರದ ಬಗ್ಗೆ ಊರಿನವರ ನೆನಪು. ತೋಪಿನ ಪರಿಚಯ, ಘೋಷಣೆಯ ವರ್ಷ, ಟಮರಿಂಡಸ್ ಇಂಡಿಕಾ ಎಂಬ ಶಾಸ್ತ್ರೀಯ ಹೆಸರು ಇರುವ ಭಾಗದ ಟೂಲ್‌ಬಾರ್‌ನಿಂದ ಅಳಿಸುವ ಬಟನ್ ತೆಗೆದು, ಆ ಘಟಕವನ್ನು ತೆಗೆಯಲಾಗದಂತೆ ಗುರುತು ಮಾಡಿದೆವು. ಹೊಸಬರು ಕೈ ತಪ್ಪಿ ಏನು ಒತ್ತಿದರೂ ಆ ಭಾಗ ಅಲುಗದು ಎಂದಾದ ಮೇಲೆ ಅವರು ಹೆದರದೆ ಪುಟ ಕಟ್ಟಿದರು.

ನಕಲಿನ ಬಟನ್ ಬಗ್ಗೆ ಹೆಚ್ಚು ಯೋಚಿಸಬೇಕಾಯಿತು. ಒಂದು ಮರದ ಬ್ಲಾಕ್ ಮುಗಿಸಿ ಅದನ್ನೇ ನಕಲು ಮಾಡಿ ಮುಂದಿನ ಮರವನ್ನು ತುಂಬುವುದು ಎಲ್ಲರಿಗೂ ಸಲೀಸು. ಆದರೆ ಚಿತ್ರ ಬದಲಿಸಿ ಸುತ್ತಳತೆ ಬದಲಿಸಲು ಮರೆತರೆ ಒಂದು ಮರದ ಅಳತೆ ಇನ್ನೊಂದರ ಹೆಸರಿನಲ್ಲಿ ನಿಲ್ಲುತ್ತದೆ. ಪಾರಂಪರಿಕ ತಾಣದ ವಿಷಯದಲ್ಲಿ ಅಂಥ ತಪ್ಪು ಸಣ್ಣದಲ್ಲ. ಘಟಕ ನಕಲಾದಾಗ ಏಳುವ ಇವೆಂಟಿಗೆ ಒಂದು ಹ್ಯಾಂಡ್ಲರ್ ಕಟ್ಟಿ, ಹೊಸ ಪ್ರತಿಯಲ್ಲಿ ಚಿತ್ರ, ಅಳತೆ, ನೆನಪು ಮೂರನ್ನೂ ಖಾಲಿ ಮಾಡಿದೆವು. ಚೌಕಟ್ಟು ಮಾತ್ರ ಉಳಿಯುತ್ತಿತ್ತು. ಸುತ್ತಳತೆಯನ್ನು ಅರಣ್ಯದವರು ಅಳೆಯುವ ಕ್ರಮದಂತೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕು. ಆ ಸೂಚನೆ ಅಳತೆ ತುಂಬುವ ಜಾಗದ ಪಕ್ಕದಲ್ಲೇ ಕಾಣುವಂತೆ ಮಾಡಿದೆವು. ನಮ್ಮಲ್ಲಿ ಟೇಪು ಹಿಡಿಯುವವರು ಅಡಿ, ಅಂಗುಲದಲ್ಲೇ ಹೇಳುತ್ತಾರೆ. 12 ಅಡಿ 4 ಅಂಗುಲ ಎಂದು ತುಂಬಿ ಹೊರಬಂದರೆ ಹ್ಯಾಂಡ್ಲರ್ ಅದನ್ನು 376 ಸೆಂಟಿಮೀಟರ್ ಎಂದು ಪಕ್ಕದಲ್ಲಿ ಬರೆಯುತ್ತಿತ್ತು.

ಕಾಯಿಯ ಬಗೆ ಬರೆಯುವ ಜಾಗ ಬಂದದ್ದು ಒಬ್ಬ ತಾತನ ಮಾತಿನಿಂದ. ತೋಪಿನಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸುತ್ತಿದ್ದಾಗ ಅವರು ಕೇಳಿದರು: ‘ಎಲ್ಲಾ ಮರಕ್ಕೂ ಒಂದೇ ಥರ ಬರ್ದಿದ್ದೀಯಲ್ಲ ಮಗ, ಆ ಮರದ್ದು ಸಿಹಿ ಹುಣ್ಸೆ, ಈ ಮರದ್ದು ಬಾಯಿಗಿಟ್ರೆ ಹಲ್ಲು ಚುಳುಗುಡ್ತದೆ. ಅದನ್ನೆಲ್ಲಿ ಬರೀತೀಯ?’ ಅದನ್ನು ಬರೆಯಲು ಜಾಗವಿರಲಿಲ್ಲ. ಅಂದೇ ಮರದ ಟೂಲ್‌ಬಾರ್‌ಗೆ ಇನ್ನೊಂದು ಬಟನ್ ಸೇರಿತು. ಒತ್ತಿದರೆ ಹುಳಿಯೋ ಸಿಹಿಯೋ, ಕಾಯಿ ಉದ್ದವೋ ಗಿಡ್ಡವೋ, ತಿರುಳು ದಪ್ಪವೋ ತೆಳುವೋ ಎಂಬ ಆಯ್ಕೆಗಳು ತೆರೆಯುತ್ತಿದ್ದವು. ಆ ತೋಪಿನ ಬೆಲೆಯೇ ಮರದಿಂದ ಮರಕ್ಕಿರುವ ಈ ವ್ಯತ್ಯಾಸದಲ್ಲಿದೆ. ಅದನ್ನು ಕಾಣಿಸುವ ಬಟನ್ ಯಾವ ಕಂಪನಿಯ ಯೋಜನಾ ಪಟ್ಟಿಯಲ್ಲೂ ಬರುವ ಸಂಭವವಿಲ್ಲ. ಮರಗಳ ರುಚಿ ಬಲ್ಲವರ ಬಾಯಿಂದಲೇ ಅದು ಬರಬೇಕು.

ಹುಡುಗರು ಬರೆಯುತ್ತಿದ್ದದ್ದು ಹೆಚ್ಚಾಗಿ ಫೋನಿನಲ್ಲಿ. ಅದಕ್ಕೆ ಬೇರೆ ಎಚ್ಚರ ಬೇಕಿತ್ತು. ಕಂಪ್ಯೂಟರಿನಲ್ಲಿ ಯಾವ ಕೀಲಿ ಒತ್ತಿದರು ಎಂದು ಇವೆಂಟ್ ಹೇಳುತ್ತದೆ. ಆಂಡ್ರಾಯ್ಡ್ ಫೋನಿನ ಪರದೆಯ ಕೀಲಿಮಣೆಯಲ್ಲಿ ಬಹುತೇಕ ಕೀಲಿಗಳಿಗೆ 229 ಎಂಬ ಒಂದೇ ಸಂಖ್ಯೆ ಬರುತ್ತದೆ. ಪದ ಇನ್ನೂ ರೂಪುಗೊಳ್ಳುತ್ತಿದೆ ಎಂಬುದು ಅದರ ಸೂಚನೆ. ಕೀಲಿಯನ್ನು ನಂಬಿದ ಹ್ಯಾಂಡ್ಲರುಗಳು ಅಲ್ಲಿ ಕೆಲಸಕ್ಕೆ ಬಾರವು. ಆದ್ದರಿಂದ ಪಠ್ಯವೇ ಬದಲಾದಾಗ ಏಳುವ ಇನ್‌ಪುಟ್ ಇವೆಂಟಿಗೆ ಹೋದೆವು. ಪದ ಜೋಡಣೆ ಶುರುವಾಯಿತು, ಮುಗಿಯಿತು ಎಂದು ತಿಳಿಸುವ ಇವೆಂಟ್‌ಗಳನ್ನು ಗಮನಿಸಿ, ಅಕ್ಷರ ಪೂರ್ತಿ ಕೂಡಿಕೊಳ್ಳುವ ತನಕ ಎಣಿಸುವುದು, ಉಳಿಸುವುದು ಯಾವುದನ್ನೂ ಮಾಡದೆ ಕಾದೆವು.

ಸಿಕೆಎಡಿಟರ್ 4ರ ಉಚಿತ ಬೆಂಬಲ 2023ರ ಜೂನ್‌ನಲ್ಲಿ ಮುಗಿದಾಗ ಪತ್ರಿಕೆಯ ಎಡಿಟರನ್ನೂ ಬದಲಿಸಬೇಕಾಯಿತು. ಹೊಸದರಲ್ಲಿ ಬಟನ್ ನೋಂದಾಯಿಸುವ ರೀತಿ ಬೇರೆ, ಇವೆಂಟ್‌ಗಳ ಹೆಸರು ಬೇರೆ. ಕೋಡನ್ನು ಹೊಸದಾಗಿ ಬರೆದೆವು. ಬಟನ್‌ಗಳ ಪಟ್ಟಿ ಮಾತ್ರ ಹಾಗೆಯೇ ಸಾಗಿ ಬಂತು. ಅಕ್ಕನ ಕೆಲಸ ನೋಡಿ ಕಲಿತದ್ದಕ್ಕೆ ಆವೃತ್ತಿಯ ಹಂಗಿರಲಿಲ್ಲ. ಹೊಸ ಗುದ್ದಲಿ ತಂದರೆ ಕಾವನ್ನು ಹಿಡಿಯುವವರ ಎತ್ತರ ನೋಡಿಯೇ ಹಾಕಿಸುತ್ತಾರೆ. ಈ ಕಸುಬಿನಲ್ಲೂ ಆ ಅಳತೆ ತಪ್ಪಬಾರದು.

ಆ ಬದಲಾವಣೆಯ ಹೊತ್ತಿಗೆ ನನಗೆ ಬಹಳ ಸಂತೋಷ ಕೊಟ್ಟ ಸಂಗತಿಯೊಂದು ನಡೆಯಿತು. ಸಂರಚನೆಯ ಕಡತವನ್ನು ತೆರೆದು ತೋರಿಸು ಎಂದು ಅಕ್ಕನೇ ಕೇಳಿದರು. ಪಕ್ಕದಲ್ಲಿ ಕೂತು ಒಂದೊಂದು ಸಾಲು ಏನು ಮಾಡುತ್ತದೆ ಎಂದು ವಿವರಿಸಿದೆ. ಮುಂದಿನ ವಾರ ಅವರ ಟೂಲ್‌ಬಾರ್‌ನಲ್ಲಿ ನಾನಿಡದ ಒಂದು ಬಟನ್ ಇತ್ತು: ‘ಶ್ರದ್ಧಾಂಜಲಿ’. ಒತ್ತಿದರೆ ಕಪ್ಪು ಅಂಚಿನ ಚೌಕಟ್ಟು, ಚಿತ್ರದ ಜಾಗ, ಹೆಸರು, ಜನನ, ಮರಣ, ದುಃಖತಪ್ತ ಕುಟುಂಬದವರು ಎಂಬ ಸಾಲು. ತಾಲ್ಲೂಕಿನ ಪತ್ರಿಕೆಗೆ ವಾರ ವಾರ ಬರುವ ಜಾಹೀರಾತು ಅದು. ಸುದ್ದಿಯ ಚೌಕಟ್ಟಿಗೆಂದು ನಾನು ಮೊದಲೇ ಮಾಡಿದ್ದ ಬಟನ್‌ನ ಕೋಡನ್ನೇ ಮಾದರಿಯಾಗಿಟ್ಟುಕೊಂಡು ಅಕ್ಕ ಆ ಹೊಸದನ್ನು ಮಾಡಿದ್ದರು. ‘ನೋಡಪ್ಪ, ಸರಿಯಾಗೈತಾ?’ ಎಂದರು. ಸರಿಯಾಗಿಯೇ ಇತ್ತು. ಸುತ್ತಮುತ್ತ ಬೇರೆ ಪತ್ರಿಕೆಯವರೂ ಆ ಬಟನ್ ಕೇಳಿ ಪಡೆದರು.

ಕರ್ನಾಟಕದ ಪಂಚಾಯಿತಿ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಸಣ್ಣ ಪತ್ರಿಕೆಗಳಲ್ಲಿ ಇವತ್ತು ವೆಬ್ ಪುಟ ತುಂಬುವವರು ಸಾವಿರಾರು ಜನರಿದ್ದಾರೆ. ಅವರ ಮುಂದೆ ತೆರೆದುಕೊಳ್ಳುವ ಟೂಲ್‌ಬಾರನ್ನು ತೀರ್ಮಾನಿಸುವವರು ಅವರ ಪಕ್ಕ ಕೂತು ಒಮ್ಮೆಯಾದರೂ ನೋಡಬೇಕು ಎಂಬುದು ನನ್ನ ಬೇಡಿಕೆ. ಅದರಾಚೆಗೂ ಒಂದು ಹೆಜ್ಜೆಯಿದೆ: ಆ ಪಟ್ಟಿಯನ್ನು ಬದಲಿಸುವ ಬೀಗದ ಕೈ ಅವರ ಬಳಿಯೇ ಇರಬೇಕು. ನಲ್ಲೂರಿನ ಕಡೆಯ ಶಾಲೆಗಳಿಗೆ ಹೋದಾಗ ನಾನು ಮಕ್ಕಳಿಗೆ ಮೊದಲು ಕಲಿಸುವ ಕೋಡ್ ಟೂಲ್‌ಬಾರ್‌ಗೆ ಒಂದು ಬಟನ್ ಸೇರಿಸುವುದು. ಯಾವ ಬಟನ್ ಬೇಕು ಎಂಬುದನ್ನು ಅವರೇ ಹೇಳಬೇಕು. ಕಳೆದ ಸಲ ಒಬ್ಬ ಹುಡುಗಿ, ತನ್ನ ಅಜ್ಜಿ ಹೇಳುವ ಒಗಟುಗಳಿಗೆ ಉತ್ತರ ಮುಚ್ಚಿಟ್ಟು ತೋರಿಸುವ ಬಟನ್ ಬೇಕು ಎಂದಳು. ಮಾಡುವುದು ಹೇಗೆ ಎಂದು ತೋರಿಸಿದೆ, ಬರೆದದ್ದು ಅವಳು.